ಲಿಫ್ಟ್ ಮೇಸ್ತ್ರಿ ಲಬೀಬ್ ಹಾಕಿದ ‘ಹ್ಹಾ’

ಕೈರೋದ ಶುಬ್ರಾದಲ್ಲಿರುವ ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ ಒಬ್ಬ ಲಿಫ್ಟ್ ಮೇಸ್ತ್ರಿ ಇದ್ದರು. ನಮ್ಮ ಕಟ್ಟಡದ ಲಿಫ್ಟ್ ಮಾತ್ರ ಓಡುತ್ತಿರಲಿಲ್ಲ. ಲಬೀಬ್ ಗಿರ್ಗಿಸ್ ಅವರ ಬಗ್ಗೆ ಯಾರು ಮಾತು ಶುರುಮಾಡಿದರೂ ಮೊದಲು ಬರುತ್ತಿದ್ದುದು ಇದೇ. ಊರಿನವರ ಲಿಫ್ಟುಗಳನ್ನೆಲ್ಲ ಏರಿಸಿ ಇಳಿಸಿ ಸಂಜೆ ಅವರು ಮನೆಗೆ ಬಂದರೆ, ಬಾಗಿಲ ಬಳಿ ಬೆಂಚಿನ ಮೇಲೆ ಕೂತ ಕಾವಲುಗಾರ ಶಾಜ್ಲಿ ಎದ್ದು ನಿಂತು, ಸಲಾಮು ಮಾಡಿ, ಮೇಸ್ತ್ರಿಗಳಿಗೆ ಸಲ್ಲುವ ‘ಉಸ್ತಾ’ ಎಂಬ ಗೌರವದ ಹೆಸರಿನಿಂದ ಕರೆದು, ದಿನವೂ ಅದೇ ಮಾತು ಹೇಳುತ್ತಿದ್ದ.

“ಬನ್ನಿ ಉಸ್ತಾ, ಲಿಫ್ಟ್ ನಿಮಗೇ ಕಾಯ್ತಾ ಇದೆ.”

“ಕಾಯ್ಲಿ ಬಿಡು. ನನ್ನ ಕಾಲಿನ್ನೂ ರಿಪೇರಿಗೆ ಬಂದಿಲ್ಲ.”

ತಪ್ಪು ಲಬೀಬ್ ಅವರದಲ್ಲ. ಲಿಫ್ಟ್ ಕಟ್ಟಡದಷ್ಟೇ ಹಳೆಯದು. ಕಬ್ಬಿಣದ ಜಾಲರಿಯ ಉದ್ದನೆಯ ಪಂಜರ, ಅದರ ಸುತ್ತ ಮೆಟ್ಟಿಲು, ಒಳಗೆ ಕನ್ನಡಿ ಹಾಕಿದ ಮರದ ಡಬ್ಬಿ. ಅದರ ಬ್ರೇಕಿನ ಒಂದು ತುಂಡು ಸವೆದಿತ್ತು, ಅಂಥ ತುಂಡನ್ನು ಈಗ ಯಾರೂ ಮಾಡುವುದಿಲ್ಲ. ಇದನ್ನು ಲಬೀಬ್ ಎಷ್ಟೋ ಸಲ ವಿವರಿಸಿದ್ದರು. ವಿವರಣೆ ಕೇಳುವುದಕ್ಕಿಂತ ತಮಾಷೆ ಮಾಡುವುದು ಎಲ್ಲರಿಗೂ ಸುಲಭವಾಗಿತ್ತು.

ಐವತ್ತು ದಾಟಿದ, ಸಣಕಲು ಮೈಯ, ಅಂಗಿಯ ಜೇಬಿನಲ್ಲಿ ಸದಾ ಸ್ಕ್ರೂಡ್ರೈವರ್ ಇಟ್ಟುಕೊಂಡಿರುವ ಮನುಷ್ಯ. ಮಾತು ಕಡಿಮೆ, ಕಿವಿ ಚುರುಕು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅಂದಿನಿಂದ ಅವರ ರಾತ್ರಿಯೂಟ ಬೀದಿ ಮೂಲೆಯ ಗಾಡಿಯ ಬಳಿ ನಿಂತಲ್ಲೇ ಮುಗಿಯುತ್ತಿತ್ತು: ಬೇಯಿಸಿ ಕಿವುಚಿದ, ಅವರೆಯಂಥ ಫೂಲ್ ಕಾಳು ತುಂಬಿದ ಒಂದು ರೊಟ್ಟಿ, ಮೇಲೊಂದು ಉಪ್ಪಿನಕಾಯಿ. ಮನೆಯ ಒಲೆಯ ಮೇಲೆ ಟೀ ಬಿಟ್ಟರೆ ಬೇರೇನೂ ಕುದಿದಿದ್ದಿಲ್ಲ.

ಆದರೂ ಅವರಿಗೆ ಒಂದು ಅಡುಗೆಮನೆಯ ಬಗ್ಗೆ ಎಲ್ಲವೂ ಗೊತ್ತಿತ್ತು. ಅದು ಅವರದಲ್ಲ, ಐದನೆಯ ಮಹಡಿಯ ಇನ್ಸಾಫ್ ಅವರದು.

ಶುಬ್ರಾದ ಹಳೆಯ ಕಟ್ಟಡಗಳಿಗೆ ಹೊಟ್ಟೆಯೊಳಗೊಂದು ಬಾವಿ ಇರುತ್ತದೆ. ನೆಲದಿಂದ ತಾರಸಿಯವರೆಗೆ ತೆರೆದ ಕಿಂಡಿ, ಮನ್ವರ್ ಎನ್ನುತ್ತೇವೆ. ಎಲ್ಲರ ಅಡುಗೆಮನೆಯ ಕಿಟಕಿಗಳೂ ಅದರತ್ತ ತೆರೆದುಕೊಳ್ಳುತ್ತವೆ. ಬೆಳಕು ಅಷ್ಟಕ್ಕಷ್ಟೇ, ಆದರೆ ವಾಸನೆ ಮತ್ತು ಮಾತಿಗೆ ಅದೇ ಹೆದ್ದಾರಿ. ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಮುಗಿಸಿ ಇನ್ಸಾಫ್ ಆರು ಗಂಟೆಗೆ ಮನೆಗೆ ಬಂದರೆ, ಅರ್ಧ ಗಂಟೆಯಲ್ಲಿ ಅವರ ಒಂದೇ ಪಾತ್ರೆಯ ಅಡುಗೆ ಸಿದ್ಧ. ಈರುಳ್ಳಿ ಕೆಂಪಾಗುವ ವಾಸನೆ ಬಂದರೆ ಮಸೂರು ಬೇಳೆಯ ಸಾರು. ಟೊಮೇಟೊ ಹುಳಿ ಮೂಗಿಗೆ ಹತ್ತಿದರೆ ಬಿಳಿ ಬೀನ್ಸ್ ಕಾಳಿನ ಗೊಜ್ಜು. ಜೀರಿಗೆ, ನಿಂಬೆಹಣ್ಣು ಬಂದರೆ ಮೊಳಕೆ ಫೂಲಿನ ತಿಳಿಸಾರು.

ಮುಲೂಖಿಯ ಮಾಡಿದ ದಿನ ಮಾತ್ರ ಮೂಗು ಬೇಕಾಗಿರಲಿಲ್ಲ. ಬೆಂಡೆಕಾಯಿಯ ಹಾಗೆ ಲೋಳೆ ಬಿಡುವ ಆ ಸೊಪ್ಪನ್ನು ನುಣ್ಣಗೆ ಕೊಚ್ಚಿ, ಬಿಸಿ ಕಟ್ಟಿನಲ್ಲಿ ಕದಡಿ, ಬೆಳ್ಳುಳ್ಳಿ ಮತ್ತು ಕೊತ್ತಂಬರಿ ಪುಡಿಯ ಒಗ್ಗರಣೆ ಸುರಿಯುತ್ತಾರೆ. ಒಗ್ಗರಣೆ ಚೊಂಯ್ ಎನ್ನುವ ಕ್ಷಣಕ್ಕೆ ಸರಿಯಾಗಿ, ಮಾಡುವವಳು ಬೆಚ್ಚಿಬಿದ್ದವಳಂತೆ “ಹ್ಹಾ!” ಎಂದು ಉಸಿರನ್ನು ಒಳಕ್ಕೆಳೆದುಕೊಳ್ಳಬೇಕು. ಆ ಹ್ಹಾ ಹಾಕದಿದ್ದರೆ ಸೊಪ್ಪು ತಳ ಸೇರುತ್ತದೆ, ನೀರು ಬೇರೆ ಸೊಪ್ಪು ಬೇರೆ ಆಗುತ್ತದೆ. ಏಕೆ ಎಂದು ನಮ್ಮಲ್ಲಿ ಯಾರೂ ಕೇಳಿಲ್ಲ. ನಮ್ಮ ತಾಯಂದಿರು ಹಾಕಿದರು, ಅವರ ತಾಯಂದಿರು ಹಾಕಿದರು. ಇನ್ಸಾಫ್ ಅವರ ಹ್ಹಾ ನಮ್ಮ ಕಟ್ಟಡದಲ್ಲಿ ಪ್ರಸಿದ್ಧ. ಐದನೆಯ ಮಹಡಿಯಲ್ಲಿ ಹೊರಟದ್ದು ಮನ್ವರ್‌ನ ತಳದಲ್ಲಿ ಮಲಗಿದ ಬೆಕ್ಕನ್ನು ಎಬ್ಬಿಸುತ್ತಿತ್ತು.

ಎರಡನೆಯ ಮಹಡಿಯಲ್ಲಿ ಕಿಟಕಿಗೆ ಕಿವಿಗೊಟ್ಟು ಟೀ ಕುಡಿಯುತ್ತಿದ್ದ ಲಬೀಬ್ ಆ ಹ್ಹಾ ಕೇಳಿದ ಮೇಲೆ ಒಂದು ನಿಮಿಷ ಲೋಟವನ್ನು ಬಾಯಿಗೆ ಒಯ್ಯುತ್ತಿರಲಿಲ್ಲವಂತೆ. ಇದನ್ನು ಹೇಳಿದವರು ಅವರ ಎದುರು ಕಿಟಕಿಯ ಹಾಜ್ಜಾ ಜಕಿಯ್ಯ. ಮನ್ವರ್‌ನಲ್ಲಿ ನಡೆಯುವ ಯಾವುದೂ ಅವರ ಕಣ್ಣು ತಪ್ಪಿಸುವುದಿಲ್ಲ.

ಈಸ್ಟರ್ ಹಬ್ಬಕ್ಕೆ ಮುಂಚಿನ ದೊಡ್ಡ ಉಪವಾಸ ಶುರುವಾಗುವ ಹಿಂದಿನ ಸಂಜೆ ಲಬೀಬ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಬಸ್ಬೂಸ ಎಂಬ ರವೆಯ ಸಿಹಿಯ ಡಬ್ಬಿ ಹಿಡಿದು, ಮೂರು ಮಹಡಿ ಹತ್ತಿ ಇನ್ಸಾಫ್ ಅವರ ಬಾಗಿಲು ತಟ್ಟಿದರು. ಮೆಟ್ಟಿಲುದ್ದಕ್ಕೂ ಬಾಗಿಲುಗಳು ಬೆರಳಗಲ ತೆರೆದವು. ಇನ್ಸಾಫ್ ವಿಧವೆ, ಲಬೀಬ್ ಅವರ ಆಸುಪಾಸಿನ ವಯಸ್ಸು. ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಲಬೀಬ್ ಹೇಳಿದ್ದು ಒಂದೇ ವಾಕ್ಯ, ಅದನ್ನು ಬಹಳ ದಿನದಿಂದ ಅಣಿ ಮಾಡಿಕೊಂಡಿದ್ದಿರಬೇಕು.

“ಮದಾಮ್ ಇನ್ಸಾಫ್, ನಾವಿಬ್ಬರೂ ಒಂಟಿ, ನಿಮಗೆ ಒಪ್ಪಿಗೆಯಾದರೆ ಹಬ್ಬ ಆದ್ಮೇಲೆ ಮದುವೆ ಆಗೋಣ ಅಂತ ನನಗನ್ಸುತ್ತೆ.”

ಇನ್ಸಾಫ್ ಡಬ್ಬಿಯನ್ನು ನೋಡಿದರು, ಮನುಷ್ಯನನ್ನು ನೋಡಿದರು.

“ಉಸ್ತಾ, ನಿಮಗೆ ಬೇಕಾಗಿರೋದು ನಾನಾ, ನನ್ನ ಪಾತ್ರೆನಾ?”

ಲಬೀಬ್ ಸುಳ್ಳು ಹೇಳುವವರಲ್ಲ. “ಪಾತ್ರೆ ವಾಸನೆ ನನಗೆ ಮೊದಲು ಬಂತು. ನೀವು ಆಮೇಲೆ ಬಂದ್ರಿ.”

ಕೆಳಗಿನ ಮಹಡಿಯಲ್ಲಿ ಯಾರೋ ಕೆಮ್ಮಿದರು. ಇನ್ಸಾಫ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಹೇಳಿದ್ದನ್ನು ಇಡೀ ಕಟ್ಟಡ ಕೇಳಿಸಿಕೊಂಡಿತು.

“ನನ್ನ ಯಜಮಾನ್ರು ಒಳ್ಳೆಯವ್ರೇ, ದೇವರು ಅವ್ರನ್ನ ಚೆನ್ನಾಗಿಟ್ಟಿರ್ಲಿ. ಆದ್ರೆ ಮದುವೆ ಆದ ದಿನದಿಂದ ಹೋಗೋ ತನಕ, ಚಪ್ಪಲಿ ಬಿಡೋ ಮುಂಚೆ ಬಾಗಿಲಲ್ಲೇ ಒಂದು ಪ್ರಶ್ನೆ: ‘ರಾತ್ರಿ ಊಟಕ್ಕೇನು?’ ನಾನೂ ಆಗತಾನೇ ಕಾರ್ಖಾನೆಯಿಂದ ಬಂದಿರ್ತಿದ್ದೆ. ಹೆಗಲಲ್ಲಿ ಬ್ಯಾಗು ಹಾಗೇ ಇರ್ತಿತ್ತು. ಒಂದೇ ಒಂದು ದಿನ ನಾನು ಯಾರನ್ನಾದ್ರೂ ಅದನ್ನ ಕೇಳಿದ್ದುಂಟಾ? ಇಲ್ಲ. ಇನ್ನೊಂದು ಸಲ ಆ ಪ್ರಶ್ನೆ ಕೇಳಿಸ್ಕೊಳೋಕೆ ನಾನು ಮದುವೆ ಆಗಲ್ಲ ಉಸ್ತಾ.”

“ನಾನು ಕೇಳಲ್ಲ.”

“ಕೇಳಲ್ಲ ಅಂದ್ರೆ ಸಾಕಾ? ಮಾಡಿ ತೋರಿಸ್ಬೇಕು. ಈ ಉಪವಾಸದಲ್ಲಿ ಕೆಲಸದ ದಿನ ಎಲ್ಲ, ರಾತ್ರಿ ನಿಮ್ಮ ಒಲೆ ಮೇಲೆ ನಿಮ್ಮ ಕೈಯಿಂದ ಒಂದು ಪಾತ್ರೆ ಏರ್ಬೇಕು. ಗಾಡಿ ರೊಟ್ಟಿ ಇಲ್ಲ. ಹೇಗೆ ಅಂತ ಕೇಳಿದ್ರೆ ಕಿಟಕಿಯಿಂದ ಹೇಳ್ತೀನಿ. ಕೊನೇ ಶುಕ್ರವಾರ ಸಂಜೆ ನಾನು ನಿಮ್ಮಲ್ಲಿಗೆ ಊಟಕ್ಕೆ ಬರ್ತೀನಿ. ತಳ ಕಾಣೋ ತನಕ ತಿಂದ್ರೆ ನನ್ನ ಉತ್ತರ ನಿಮಗೇ ಗೊತ್ತಾಗುತ್ತೆ. ತಿನ್ಲಿಲ್ಲ ಅಂದ್ರೆ ಆಗ್ಲೂ ಗೊತ್ತಾಗುತ್ತೆ.”

ಉಪವಾಸದಲ್ಲಿ ನಮ್ಮ ಚರ್ಚಿನಲ್ಲಿ ಮದುವೆ ನಡೆಯುವುದಿಲ್ಲ. ಹಾಗಾಗಿ ಅವಸರ ಮಾಡುವ ದಾರಿಯೂ ಇರಲಿಲ್ಲ. ಬಸ್ಬೂಸದಲ್ಲಿ ಉಪವಾಸಕ್ಕೆ ಸಲ್ಲದ ತುಪ್ಪವಿರುವುದರಿಂದ ಇಬ್ಬರೂ ಅದನ್ನು ಅಂದೇ ತಿಂದು ಮುಗಿಸಬೇಕಾಯಿತು. ಮೆಟ್ಟಿಲ ಮೇಲೆ ನಿಂತೇ ತಿಂದರು, ಮಧ್ಯೆ ಡಬ್ಬಿ ಹಿಡಿದು. ನಾಲ್ಕನೆಯ ಮಹಡಿಯ ಮಕ್ಕಳಿಗೂ ಒಂದೊಂದು ತುಂಡು ಸಿಕ್ಕಿತು.

ಮರುದಿನ ಸಂಜೆ ಲಬೀಬ್ ಮಸೂರು ಬೇಳೆಯ ಪೊಟ್ಟಣದೊಂದಿಗೆ ಬಂದರು. ಉಪವಾಸ ಎಂದರೆ ಮಾಂಸ, ಮೀನು, ಹಾಲು, ಮೊಟ್ಟೆ, ತುಪ್ಪ ಯಾವುದೂ ಇಲ್ಲ. ಕಾಳು, ಬೇಳೆ, ಸೊಪ್ಪು, ಎಣ್ಣೆ, ಅಷ್ಟೇ. ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ನೋಡಿದರು.

“ಮದಾಮ್ ಇನ್ಸಾಫ್! ಎಷ್ಟು ನೀರು?”

“ಬೇಳೆ ಮುಳುಗಿ ಮೇಲೆ ನಾಲ್ಕು ಬೆರಳು! ಒಂದು ಈರುಳ್ಳಿ, ಒಂದು ಕ್ಯಾರೆಟ್, ಒಂದು ಟೊಮೇಟೊ, ಎಲ್ಲ ಅದರೊಳಗೇ ಹಾಕಿ. ಬೇಯ್ಲಿ!”

“ಹೆಚ್ಚಬೇಕಾ?”

“ಇಡಿಯಾಗಿ ಹಾಕಿ ನೋಡಿ, ಈರುಳ್ಳಿ ನಿಮ್ಮ ಜೊತೆ ಮಾತಾಡುತ್ತೆ!”

ಬೇಳೆ ಬೆಂದಿತು. ಮೇಲೆ ಹಾಕಲು ಈರುಳ್ಳಿ ಹುರಿಯುವ ಹೊತ್ತಿಗೆ ಎದುರಿನ ಕಿಟಕಿ ದಡಾರನೆ ತೆರೆಯಿತು. ಹಾಜ್ಜಾ ಜಕಿಯ್ಯ ಮೆಕ್ಕಾಕ್ಕೆ ಹೋಗಿ ಬಂದವರು, ಆದರೆ ಕಟ್ಟಡದ ಕ್ರೈಸ್ತರ ಉಪವಾಸಗಳ ಉಸ್ತುವಾರಿಯೂ ಅವರದೇ.

“ಏಯ್ ಉಸ್ತಾ, ಅದು ತುಪ್ಪ!”

“ಎಣ್ಣೆ ಹಾಜ್ಜಾ.”

“ನನ್ನ ಮೂಗಿಗೇ ಹೇಳ್ತೀಯೇನಪ್ಪ? ತುಪ್ಪ ಅದು! ನಿನ್ನ ಉಪವಾಸ ಮೊದಲನೇ ದಿನಾನೇ ಹೋಯ್ತಲ್ಲೋ!”

ಲಬೀಬ್ ಡಬ್ಬಿಯ ಮುಚ್ಚಳ ತಿರುಗಿಸಿ ಓದಿದರು. ಹೆಂಡತಿ ಇದ್ದ ಕಾಲದ ಡಬ್ಬಿ, ಎಣ್ಣೆ ಎಂದು ಬರೆದಿತ್ತು. ಒಳಗಿದ್ದದ್ದು ತುಪ್ಪ, ಅದೂ ಯಾವ ಕಾಲದ್ದೋ. ಈರುಳ್ಳಿಯ ಜೊತೆ ಬಾಣಲೆಯನ್ನೂ ಹೊರಗಿಟ್ಟು, ಸಪ್ಪೆ ಬೇಳೆಗೆ ನಿಂಬೆಹಣ್ಣು ಹಿಂಡಿ ಊಟ ಮುಗಿಸಿದರು. ಮೇಲಿನಿಂದ ಇನ್ಸಾಫ್ ಕೇಳಿದರು, “ಹೇಗಿತ್ತು?”

“ಬಿಸಿಯಾಗಿತ್ತು.”

ಐದೂ ಮಹಡಿಯ ನಗು ಮನ್ವರ್‌ನಲ್ಲಿ ಕೆಳಗಿಳಿಯಿತು.

ಮೊದಲೆರಡು ವಾರ ಹೀಗೇ. ಬಿಳಿ ಬೀನ್ಸ್ ಕಾಳು ನೆನೆಹಾಕುವುದನ್ನು ಮರೆತು ಮೂರು ತಾಸು ಬೇಯಿಸಿದರು. ಕಾಳು ಮಾತ್ರ ಹಲ್ಲಿಗೆ ಸಿಕ್ಕಿದರೆ ಟಕ್ ಎನ್ನುತ್ತಿತ್ತು. “ಬೇರಿಂಗ್ ಬೇಯಿಸ್ತಿದ್ದೀರಾ ಉಸ್ತಾ?” ಎಂದು ಶಾಜ್ಲಿ ಕೆಳಗಿನಿಂದ ಕೇಳಿದ. ಮುಂದಿನ ಸಲ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗಲೇ ನೆನೆಹಾಕಿದರು. ಮನೆಗೆ ಬಂದು ಬೆಳ್ಳುಳ್ಳಿ, ಟೊಮೇಟೊ ಬಾಡಿಸಿ, ಕಾಳು ಸುರಿದು, ಮುಚ್ಚಳ ಮುಚ್ಚಿ, ಕಾಲು ತೊಳೆದು ಬರುವಷ್ಟರಲ್ಲಿ ಆಗಿತ್ತು. ಅಂದು ಅವರು ಕಿಟಕಿಗೆ ಬಂದು ಏನನ್ನೂ ಕೇಳಲಿಲ್ಲ. ಇನ್ಸಾಫ್ ಮೇಲಿನ ಕಿಟಕಿಯಲ್ಲಿ ಸ್ವಲ್ಪ ಹೊತ್ತು ಕಾದು ಒಳಗೆ ಹೋದರು ಎಂದು ಹಾಜ್ಜಾ ಮೂರನೆಯ ಮಹಡಿಗೆ ಬಂದು ನಮಗೆ ವರದಿ ಒಪ್ಪಿಸಿದರು.

ಮೊಳಕೆ ಫೂಲಿನ ತಿಳಿಸಾರಿಗಾಗಿ ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸಲಕರಣೆ ಚೀಲದಲ್ಲಿಟ್ಟುಕೊಂಡು ಊರೆಲ್ಲ ತಿರುಗಿದರು. ಮನೆಯಲ್ಲಿ ಬಿಟ್ಟರೆ ಬಟ್ಟೆ ಒಣಗುತ್ತದೆ, ನೀರು ಚಿಮುಕಿಸಲು ಯಾರಿದ್ದಾರೆ? ಯಾವುದೋ ಬ್ಯಾಂಕಿನ ಲಿಫ್ಟಿನ ಮೇಲೆ ಕೂತು ಸ್ಪ್ಯಾನರ್ ತೆಗೆಯುವಾಗ ಗಂಟು ಬಿಚ್ಚಿ, ಮೊಳಕೆಯೊಡೆದ ಕಾಳುಗಳು ಬ್ಯಾಂಕಿನವರ ತಲೆಯ ಮೇಲೆ ಉದುರಿದವಂತೆ. ಲಬೀಬ್ ಒಂದೊಂದನ್ನೂ ಹೆಕ್ಕಿ, ತೊಳೆದು, ಅಂದು ಸಂಜೆಯೇ ಸಾರು ಮಾಡಿದರು. ಅದರಲ್ಲಿ ಗ್ರೀಸಿನ ವಾಸನೆ ಇತ್ತೇ ಎಂದು ಶಾಜ್ಲಿ ಕೇಳಿದ್ದಕ್ಕೆ, “ಸ್ವಲ್ಪ. ಗಂಟಲಲ್ಲಿ ಸಲೀಸಾಗಿ ಇಳೀತು,” ಎಂದರು.

ಉಪವಾಸದ ನಡುವಿನ ವಾರದ ಹೊತ್ತಿಗೆ ಕಟ್ಟಡದ ತಮಾಷೆಯ ರಾಗ ಬದಲಾಗಿತ್ತು. ಸಂಜೆ ಎರಡನೆಯ ಮಹಡಿಯ ವಾಸನೆ ಮೇಲೇರಿದರೆ ಜನ ಮೂಗರಳಿಸಿ, “ಇವತ್ತು ಬೆಸಾರ,” ಎನ್ನುತ್ತಿದ್ದರು. ಬೆಸಾರ ಎಂದರೆ ಸಿಪ್ಪೆ ತೆಗೆದ ಫೂಲ್ ಬೇಳೆಯನ್ನು ಸೊಪ್ಪುಗಳೊಂದಿಗೆ ಕರಗುವ ತನಕ ಬೇಯಿಸಿ ತಟ್ಟೆಯಲ್ಲಿ ಆರಲು ಬಿಡುವ ಹಸಿರು ಗಟ್ಟಿ. ಲಬೀಬ್ ಅದನ್ನು ಮಾಡಿದ ಸಂಜೆ ಒಂದು ತಟ್ಟೆ ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಕೂತು ಮನ್ವರ್‌ನಲ್ಲಿ ಮೇಲೆ ಹೋಯಿತು. ಮಾರನೆಯ ದಿನ ತಟ್ಟೆ ಖಾಲಿಯಾಗಿ, ತೊಳೆದು, ಮೂರು ನಿಂಬೆಹಣ್ಣು ಹೊತ್ತು ಕೆಳಗೆ ಬಂತು.

“ನಿಂಬೆಹಣ್ಣು ಅಂದ್ರೆ ಏನು ಹಾಜ್ಜಾ?” ಎಂದು ಲಬೀಬ್ ಎದುರು ಕಿಟಕಿಗೆ ಕೇಳಿದರು.

“ಹುಳಿ ಕಡಿಮೆ ಆಗಿತ್ತು ಅಂತ ಕಣೋ! ಹೆಂಗಸರ ಮಾತು ಅರ್ಥ ಆಗಲ್ಲ, ಮದುವೆ ಆಗ್ತಾನಂತೆ!”

ಈ ದಿನಗಳಲ್ಲಿ ಲಬೀಬ್ ಇನ್ನೊಂದು ಕೆಲಸವನ್ನೂ ಗುಟ್ಟಾಗಿ ಮಾಡುತ್ತಿದ್ದರು. ಬ್ರೇಕಿನ ಸವೆದ ತುಂಡಿನ ಅಚ್ಚು ತೆಗೆದು, ಹೊಸದೊಂದನ್ನು ಅರದಿಂದ ಉಜ್ಜಿ ಉಜ್ಜಿ ರೂಪಿಸುತ್ತಿದ್ದರು. ಇನ್ಸಾಫ್ ಅವರಿಗೆ ಮೊಣಕಾಲು ನೋವು. ಊಟಕ್ಕೆ ಬರುವವರು ಮೂರು ಮಹಡಿ ಇಳಿಯಬೇಕು, ತಿಂದು ಮತ್ತೆ ಹತ್ತಬೇಕು. ಕೊನೆಯ ವಾರ ಒಂದು ಬೆಳಿಗ್ಗೆ ಲಿಫ್ಟ್ ಗುಂಯ್ ಎಂದು ಮೇಲೇರಿತು. ಶಾಜ್ಲಿ ಬೆಂಚಿನಿಂದ ಎದ್ದು ನಿಂತು, ಲಿಫ್ಟಿಗೇ ಸಲಾಮು ಮಾಡಿ ಮತ್ತೆ ಕೂತ. ನಾವೆಲ್ಲ ಸರದಿಯಲ್ಲಿ ನಿಂತು ಒಂದೊಂದು ಸುತ್ತು ಹೋಗಿ ಬಂದೆವು. ಇನ್ಸಾಫ್ ಮಾತ್ರ ದೂರ ನಿಂತರು.

“ನೀವು ಬರಲ್ವಾ ಮದಾಮ್?” ಎಂದರು ಲಬೀಬ್.

“ಆ ಪಂಜರಕ್ಕೆ ನಾನು ಕಾಲಿಡಲ್ಲ. ಗೂಡಿಗೆ ಹೋಗೋಕೆ ನಾನೇನು ಪಾರಿವಾಳನಾ? ಮೊದಲು ನಿಮ್ಮ ಸಾರು ಮೇಲೇಳಲಿ, ಲಿಫ್ಟ್ ಆಮೇಲೆ ನೋಡೋಣ.”

ಕೊನೆಯ ಶುಕ್ರವಾರಕ್ಕೆ ಏನು ಮಾಡುವುದು? ಮಸೂರು ಬೇಳೆ ಮಾಡಿದರೆ ಗೆಲುವು ಖಂಡಿತ ಎಂದು ಹಾಜ್ಜಾ ಹೇಳಿದರು, ನಾವೂ ಹೇಳಿದೆವು. ಲಬೀಬ್ ಆ ವರ್ಷದ ಮೊದಲ ಮುಲೂಖಿಯದ ಕಟ್ಟನ್ನು ಕಂಕುಳಲ್ಲಿಟ್ಟು, ಯಾರಿಗೂ ಕಾಣದಂತೆ ಮೇಲೆ ಪತ್ರಿಕೆ ಸುತ್ತಿ ತಂದರು. ಅವರಿಗೆ ಇಷ್ಟವಾದ ಹೆಂಗಸನ್ನು ಅವರು ಮೊದಲು ಕೇಳಿಸಿಕೊಂಡದ್ದು ಆ ಸೊಪ್ಪಿನ ಪಾತ್ರೆಯ ಮೇಲೆ. ಬೇರೆ ಏನು ಮಾಡಲೂ ಅವರ ಮನಸ್ಸು ಒಪ್ಪಲಿಲ್ಲ.

ತೊಡಕಿದ್ದದ್ದು ಹ್ಹಾದಲ್ಲಿ. ಗಂಡಸು ಹ್ಹಾ ಹಾಕಿದ್ದನ್ನು ಶುಬ್ರಾದಲ್ಲಿ ಯಾರೂ ಕೇಳಿಲ್ಲ. ಹೋಟೆಲಿನ ಅಡುಗೆಯವರು ಏನು ಮಾಡುತ್ತಾರೋ, ಅದು ಅವರ ಮತ್ತು ಅವರ ಸೊಪ್ಪಿನ ನಡುವಿನ ಮಾತು. ಲಬೀಬ್ ವಾರಪೂರ್ತಿ ಊರಿನ ಲಿಫ್ಟುಗಳ ಯಂತ್ರದ ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದರಂತೆ. ಮೊದಲು ಬಿಕ್ಕಳಿಕೆಯಂತೆ ಬಂತು, ಆಮೇಲೆ ಆಕಳಿಕೆಯಂತೆ. ಬೆಚ್ಚಿಬೀಳಲು ಏನನ್ನು ನೆನೆಯಬೇಕು ಎಂದು ತಿಳಿಯದೆ ಹಗ್ಗ ಹರಿದ ಲಿಫ್ಟನ್ನು ನೆನೆದರು. ಸುಮಾರಾಗಿ ಬಂತು. ಕೊನೆಗೆ, ಇನ್ಸಾಫ್ ಒಂದು ತುತ್ತು ತಿಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದು ಹೋಗುವುದನ್ನು ನೆನೆದರು. ಅದು ಸರಿಯಾಗಿ ಬಂತು.

ಶುಕ್ರವಾರ ಸಂಜೆ ಏಳಕ್ಕೆ ಊಟ. ಆರೂವರೆಗೆ ಎರಡನೆಯ ಮಹಡಿಯ ಕಿಟಕಿ ಮುಚ್ಚಿತ್ತು. ಏನು ಬೇಯುತ್ತಿದೆಯೆಂದು ಹಾಜ್ಜಾ ಅವರ ಮೂಗಿಗೂ ತಿಳಿಯಲಿಲ್ಲ. ಒಳಗೆ ಈರುಳ್ಳಿ, ಏಲಕ್ಕಿ ಹಾಕಿ ಕುದಿಸಿದ ತರಕಾರಿಯ ಕಟ್ಟು ಸಿದ್ಧವಾಗಿತ್ತು. ಸೊಪ್ಪು ಕದಡಿ ಆಗಿತ್ತು. ಬಾಣಲೆಯಲ್ಲಿ ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಹೊಗೆ ಹೆಚ್ಚಾಗಿ ಲಬೀಬ್ ಕಿಟಕಿ ತೆರೆದರು. ಬಾಣಲೆ ಎತ್ತಿದರು. ಸುರಿದರು.

“ಹ್ಹಾ!”

ಅದು ಎಂಥ ಹ್ಹಾ ಎಂದರೆ, ಮನ್ವರ್‌ನ ಬೆಕ್ಕು ಏಳಲಿಲ್ಲ, ಓಡಿತು. ಇನ್ಸಾಫ್ ಅವರ ಹ್ಹಾದಲ್ಲಿ ಒಂದು ನಗು ಅಡಗಿರುತ್ತದೆ. ಇದರಲ್ಲಿ ನಿಜವಾದ ಗಾಬರಿ ಇತ್ತು, ಅದೂ ದಪ್ಪ ಗಂಡುದನಿಯಲ್ಲಿ. ಹಿಂದೆಯೇ ಬಾಣಲೆ ಕೈಜಾರಿ ನೆಲಕ್ಕೆ ಬಿದ್ದ ಖಣಖಣ ಸದ್ದು.

“ಅಯ್ಯೋ! ಉಸ್ತಾ ಹೋದ!” ಎಂದು ಹಾಜ್ಜಾ ಕಿರುಚಿದರು. “ಎದೆ ಹಿಡ್ಕೊಂಡು ಬಿದ್ದ! ಶಾಜ್ಲಿ! ಏಯ್ ಶಾಜ್ಲಿ! ಕುರ್ಚಿ ತಗೊಂಡ್ ಬಾರೋ!”

ಹಾಜ್ಜಾ ಯಾರೂ ಬಿದ್ದದ್ದನ್ನು ನೋಡಿರಲಿಲ್ಲ. ಹೊಗೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೆ ಕಟ್ಟಡದಲ್ಲಿ ಹಾಹಾಕಾರ ಎದ್ದಾಗಿತ್ತು. ಬಾಗಿಲುಗಳು ತೆರೆದವು, ಚಪ್ಪಲಿಗಳು ಪಟಪಟಿಸಿದವು. ಒಬ್ಬರು ಸಕ್ಕರೆ ನೀರು, ಇನ್ನೊಬ್ಬರು ಯಾರದೋ ರಕ್ತದೊತ್ತಡದ ಮಾತ್ರೆ ಹಿಡಿದು ಮೆಟ್ಟಿಲಿಗೆ ಬಂದರು. ಐದನೆಯ ಮಹಡಿಯಲ್ಲಿ ಊಟಕ್ಕೆ ಹೊರಡಲು ತಲೆ ಬಾಚುತ್ತಿದ್ದ ಇನ್ಸಾಫ್ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿಬಂದರು. ಮೆಟ್ಟಿಲ ತುಂಬ ಜನ. ಎದುರಿಗೆ, ಬಾಗಿಲು ತೆರೆದರೆ ಸಾಕೆಂಬಂತೆ, ಲಿಫ್ಟ್ ನಿಂತಿತ್ತು.

ಅವರು ಒಳಗೆ ಹೊಕ್ಕು ಎರಡನೆಯ ಮಹಡಿಯ ಗುಂಡಿ ಒತ್ತಿದರು.

ಲಿಫ್ಟ್ ಇಳಿಯತೊಡಗಿತು. ಜಾಲರಿಯ ಸುತ್ತ ಮೆಟ್ಟಿಲಿಳಿಯುತ್ತಿದ್ದ ನಮಗೆಲ್ಲ ಅವರು ಕಾಣುತ್ತಿದ್ದರು, ಕೇಳಿಸುತ್ತಲೂ ಇದ್ದರು.

“ಲಬೀಬ್! ಏಯ್ ಲಬೀಬ್! ಉಸಿರು ಬಿಡೋ! ಎಳ್ಕೊಂಡಿದ್ದು ಸಾಕು, ಬಿಡೋ! ನನ್ನ ಬಿಟ್ಟು ಹೋದ್ರೆ ನೋಡು ನಿನ್ನ!”

ನಾಲ್ಕನೆಯ ಮಹಡಿಯವರು ಮೂರನೆಯ ಮಹಡಿಯವರ ಮುಖ ನೋಡಿದರು. ಆ ಕೂಗಿನಲ್ಲಿ ‘ಉಸ್ತಾ’ ಇರಲಿಲ್ಲ. ‘ನೀವು’ ಇರಲಿಲ್ಲ. ಉಪವಾಸದುದ್ದಕ್ಕೂ ಕಿಟಕಿಯಿಂದ ಕಿಟಕಿಗೆ ಜಾಗರೂಕತೆಯಿಂದ ಇಳಿದು ಏರಿದ ಎಲ್ಲ ಮರ್ಯಾದೆಗಳೂ ಆ ಇಳಿತದಲ್ಲಿ ಉದುರಿಹೋಗಿದ್ದವು.

ಅದೇ ಹೊತ್ತಿಗೆ ಕೆಳಗೆ ಶಾಜ್ಲಿ ಕುರ್ಚಿಯನ್ನು ಹೊತ್ತು ತಂದು, ಲಿಫ್ಟ್ ಇನ್ನೂ ಬಂದಿಲ್ಲವೆಂದು ನೋಡದೆ, ನೆಲಮಹಡಿಯ ಜಾಲರಿ ಬಾಗಿಲನ್ನು ಬಲವಾಗಿ ಜಗ್ಗಿದ. ಹಳೆಯ ಚಿಲಕ ಬಿಟ್ಟುಕೊಟ್ಟಿತು. ಯಾವ ಬಾಗಿಲು ತೆರೆದರೂ ಲಿಫ್ಟ್ ನಿಲ್ಲಬೇಕು. ನಿಂತಿತು. ಮೂರಕ್ಕೂ ಎರಡಕ್ಕೂ ನಡುವೆ.

ಎರಡನೆಯ ಮಹಡಿಯ ಬಾಗಿಲು ತೆರೆದು ಲಬೀಬ್ ಹೊರಬಂದರು. ಕೊರಳಲ್ಲಿ ಹೆಂಡತಿಯ ಕಾಲದ ಹೂವಿನ ಏಪ್ರನ್, ಕೈಯಲ್ಲಿ ಸೌಟು, ಮುಖದಲ್ಲಿ ಆಶ್ಚರ್ಯ. ಅವರ ಎದೆಯ ಎತ್ತರಕ್ಕೆ, ಜಾಲರಿಯಾಚೆ, ಒಂದು ಚಪ್ಪಲಿ ಹಾಕಿದ ಪಾದ, ಒಂದು ಬರಿಪಾದ.

“ಏನಾಯ್ತು? ಯಾರಿಗೇನಾಯ್ತು?”

ಇನ್ಸಾಫ್ ಲಿಫ್ಟಿನ ಒಳಬಾಗಿಲು ತೆರೆದು ಮಂಡಿಯೂರಿ ಜಾಲರಿಯಿಂದ ಕೆಳಗೆ ನೋಡಿದರು.

“ನಿಮಗೆ ಏನೂ ಆಗಿಲ್ವಾ?”

“ಇಲ್ಲ. ಮುಲೂಖಿಯ ಮಾಡ್ತಿದ್ದೆ.”

“ಮತ್ತೆ ಆ ಸದ್ದು?”

“ಹ್ಹಾ ಹಾಕಿದೆ.”

ಮೆಟ್ಟಿಲ ಮೇಲೆ ಸಕ್ಕರೆ ನೀರು ಹಿಡಿದಿದ್ದವರು ಅದನ್ನು ತಾವೇ ಕುಡಿದರು. ಹಾಜ್ಜಾ ಗೋಡೆಗೆ ಒರಗಿ, ತಲೆವಸ್ತ್ರದ ಅಂಚನ್ನು ಬಾಯಿಗೆ ತುರುಕಿಕೊಂಡು, ಭುಜ ಕುಣಿಸುತ್ತ ನಗತೊಡಗಿದರು. ಅದು ಎಲ್ಲರಿಗೂ ಅಂಟಿತು.

“ಗಂಡಸರು ಯಾರಾದ್ರೂ ಹ್ಹಾ ಹಾಕ್ತಾರೇನ್ರೀ?” ಇನ್ಸಾಫ್ ಅವರ ಮುಖ ಕೆಂಪಾಗಿತ್ತು. “ನನ್ನ ಜೀವ ಬಾಯಿಗೆ ಬಂದಿತ್ತು!”

“ಹಾಕ್ದಿದ್ರೆ ತಳ ಸೇರುತ್ತಲ್ಲ.”

“ಅದೇನೋ ಸರಿ. ಒಲೆ ಆರಿಸಿದ್ರಾ?”

ಲಬೀಬ್ ಹಿಂತಿರುಗಿ ತಮ್ಮ ಬಾಗಿಲತ್ತ ನೋಡಿದರು.

“ಓಡ್ರೀ ಮತ್ತೆ! ಕುದಿದ್ರೆ ಕೆಳಗಿಳಿದುಬಿಡುತ್ತೆ!”

“ಯಾವುದು, ಲಿಫ್ಟಾ?”

“ಸೊಪ್ಪು ಕಣ್ರೀ, ಸೊಪ್ಪು!”

ಲಬೀಬ್ ಒಳಗೆ ಓಡಿ ಒಲೆ ಆರಿಸಿ ಬಂದರು. ಆಮೇಲೆ ತಮ್ಮ ಕಸುಬಿನ ಶಾಂತ ದನಿಗೆ ಮರಳಿದರು. “ಹೆದರಬೇಡಿ. ಕೆಳಗಡೆ ಬಾಗಿಲು ತೆರೆದಿದೆ, ಅಷ್ಟೇ. ಶಾಜ್ಲಿ ಅದನ್ನ ಮುಚ್ಚಲಿ, ನೀವು ಒಳಗಿನದು ಮುಚ್ಚಿ. ತಾನಾಗೇ ಇಳಿದು ಬರುತ್ತೆ.”

ಶಾಜ್ಲಿ ಕೆಳಗಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ಇನ್ಸಾಫ್ ಒಳಬಾಗಿಲನ್ನು ಮುಟ್ಟಲಿಲ್ಲ. ಲಿಫ್ಟಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಲಂಗ ಸರಿಪಡಿಸಿಕೊಂಡು ಕೂತರು.

“ಮುಚ್ಚಲ್ಲ. ಏಳು ಗಂಟೆಗೆ ಊಟ ಅಂದಿದ್ರಿ. ಏಳಾಯ್ತು. ತನ್ನಿ.”

ಲಬೀಬ್ ಸ್ಟೂಲು ತಂದರು, ಪಾತ್ರೆ ತಂದು ಅದರ ಮೇಲಿಟ್ಟರು. ಮುಚ್ಚಳ ತೆಗೆದಾಗ ನಾವು ಕತ್ತು ಚಾಚಿ ನೋಡಿದೆವು. ಹಸಿರು ಒಂದೇ ಸಮನೆ ನಿಂತಿತ್ತು, ಮೇಲೆ ನೀರಿಲ್ಲ, ಕೆಳಗೆ ಗಸಿಯಿಲ್ಲ. ಚಮಚ ಜಾಲರಿಯ ಕಣ್ಣಿನಲ್ಲಿ ಆರಾಮವಾಗಿ ತೂರುತ್ತಿತ್ತು. ಲಬೀಬ್ ಸ್ಟೂಲಿನ ಪಕ್ಕ ತುದಿಗಾಲಲ್ಲಿ ನಿಂತು ಚಮಚ ಎತ್ತಿದರು, ಇನ್ಸಾಫ್ ಬಗ್ಗಿ ಬಾಯಿ ಕೊಟ್ಟರು.

ಇನ್ಸಾಫ್ ನುಂಗಿದರು. “ಉಪ್ಪು ಚೂರು ಕಡಿಮೆ.”

ಲಬೀಬ್ ಅವರ ಕೈ ಕೆಳಗಿಳಿಯಿತು.

“ಕಡಿಮೆ ಅಂದೆ, ಸಾಕು ಅಂದ್ನಾ? ಎತ್ತಿ ಇನ್ನೊಂದು.”

ಇನ್ನೊಂದು ಎತ್ತಿದರು. ಮತ್ತೊಂದು. ಮಾತ್ರೆ ತಂದವರು ಮಾತ್ರೆಯನ್ನು ಜೇಬಿಗೆ ಹಾಕಿ ರೊಟ್ಟಿ ತಂದುಕೊಟ್ಟರು. ರೊಟ್ಟಿಯ ತುಂಡನ್ನು ಸುರುಳಿ ಸುತ್ತಿ ಜಾಲರಿಯಲ್ಲಿ ತೂರಿಸುವ ಉಪಾಯ ಹಾಜ್ಜಾ ಅವರದು. ತೋಳು ನೋಯತೊಡಗಿದಾಗ ಲಬೀಬ್ ಕೈ ಬದಲಿಸಿಕೊಂಡರು. ಏಪ್ರನ್ನಿನ ಹೂವುಗಳ ಮೇಲೆಲ್ಲ ಹಸಿರು ಸೋರಿತ್ತು. ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದ ಶಾಜ್ಲಿ, ಹೊತ್ತು ತಂದಿದ್ದ ಕುರ್ಚಿಯನ್ನು ಅಲ್ಲೇ ಇಟ್ಟು ತಾನೇ ಕೂತು ನೋಡಿದ.

ಸೌಟು ಪಾತ್ರೆಯ ತಳಕ್ಕೆ ತಗುಲಿ ಕೆರೆದ ಸದ್ದು ಎಲ್ಲರಿಗೂ ಕೇಳಿಸಿತು. ಲಬೀಬ್ ಪಾತ್ರೆಯನ್ನು ಓರೆಮಾಡಿ ಇನ್ಸಾಫ್ ಅವರಿಗೆ ತೋರಿಸಿದರು. ಏನನ್ನೂ ಕೇಳಲಿಲ್ಲ.

ಇನ್ಸಾಫ್ ಬೆರಳಿನಿಂದ ತುಟಿಯಂಚು ಒರೆಸಿಕೊಂಡರು. ಎದ್ದು ನಿಂತು, ಒಂಟಿ ಚಪ್ಪಲಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಒಳಬಾಗಿಲು ಮುಚ್ಚುವ ಮುನ್ನ ಜಾಲರಿಯ ಹತ್ತಿರ ಬಗ್ಗಿದರು.

“ಲಬೀಬ್.”

“ಹೇಳಿ.”

“ನಾಳೆ ರಾತ್ರಿ ಊಟಕ್ಕೇನು?”

ಲಬೀಬ್ ಉತ್ತರಿಸಲು ಬಾಯಿ ತೆರೆದರು. ಅಷ್ಟರಲ್ಲಿ ಹಾಜ್ಜಾ ನಾಲಗೆ ಆಡಿಸಿ ಮದುವೆಮನೆಯ ಉಲುಲು ಹಾಕಿಯೇಬಿಟ್ಟರು. ಅದು ಮೆಟ್ಟಿಲ ಸುತ್ತ ತಿರುಗಿ ತಾರಸಿ ತಲುಪಿತು.

“ಹಾಜ್ಜಾ, ಉಪವಾಸ! ಇನ್ನೂ ಮುಗಿದಿಲ್ಲ!” ಎಂದರು ಯಾರೋ.

“ನಿಮ್ಮ ಹೊಟ್ಟೆಗೆ ಉಪವಾಸ ಕಣ್ರೋ, ನನ್ನ ನಾಲಗೆಗಲ್ಲ!” ಎಂದು ಅವರು ಇನ್ನೊಂದು ಹಾಕಿದರು.

ಗದ್ದಲದಲ್ಲಿ ಲಬೀಬ್ ಕೊಟ್ಟ ಉತ್ತರ ಪೂರ್ತಿ ಕೇಳಿಸಲಿಲ್ಲ. ಮಸೂರು ಬೇಳೆ ಎಂದದ್ದು ಕೇಳಿಸಿತು, ಎಣ್ಣೆಯಲ್ಲೇ ಹುರಿದ ಈರುಳ್ಳಿ ಎಂದದ್ದೂ ಕೇಳಿಸಿತು. ಇನ್ಸಾಫ್ ಬಾಗಿಲು ಮುಚ್ಚಿದರು. ಲಿಫ್ಟ್ ಗುಂಯ್ ಎಂದು, ಒಂದಿಷ್ಟೂ ಅಲುಗದೆ, ಎರಡನೆಯ ಮಹಡಿಗೆ ಇಳಿದು ಬಂತು.